ದೇಶದ ಸರ್ಕಾರವನ್ನು ನಂಬುವವರೇ ಐರೋಪ್ಯ ಒಕ್ಕೂಟವನ್ನೂ ನಂಬುತ್ತಾರಾ, ಇಲ್ಲಾ ಉಲ್ಟಾನಾ?

ಪಡಸಾಲೆ

ಯುರೋಪಿನ ಹಲವು ದೇಶಗಳಲ್ಲಿ ಸುತ್ತು ಸುತ್ತಾಗಿ ನಡೆಯುವ ಯುರೋಪಿಯನ್ ಸೋಷಿಯಲ್ ಸರ್ವೆಯ ಡೇಟಾ ಇಟ್ಟುಕೊಂಡು ಸೆಮಿನಾರ್‌ಗೆ ಒಂದು ಪ್ರಬಂಧ ತಯಾರು ಮಾಡುತ್ತಿದ್ದೇನೆ. ತಮ್ಮ ದೇಶದ ಸರ್ಕಾರದ ಮೇಲೆ ಜನರಿಗಿರುವ ನಂಬಿಕೆ ಐರೋಪ್ಯ ಒಕ್ಕೂಟದ ಮೇಲಿನ ನಂಬಿಕೆಯನ್ನು ಹೆಚ್ಚಿಸುತ್ತದೋ, ತಗ್ಗಿಸುತ್ತದೋ ಎಂಬುದು ವಿಷಯ.

ಓದಿದ್ದರಲ್ಲಿ ಎರಡು ವಾದ ಸಿಕ್ಕವು. ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಏನು ನಡೆಯುತ್ತದೆ ಎಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಹಾಗಾಗಿ ತಮ್ಮ ಸರ್ಕಾರದ ಬಗ್ಗೆ ಇರುವ ಅಭಿಪ್ರಾಯವನ್ನೇ ಅಲ್ಲಿಗೂ ಅನ್ವಯಿಸುತ್ತಾರೆ ಎನ್ನುವುದು ಒಂದು. ತಮ್ಮಲ್ಲಿನ ವ್ಯವಸ್ಥೆ ಕೆಟ್ಟಷ್ಟೂ ಹೊರಗಿನ ಸಂಸ್ಥೆಯೇ ವಾಸಿ ಅನ್ನಿಸುತ್ತದೆ ಎನ್ನುವುದು ಇನ್ನೊಂದು. ಎಲ್ಲ ದೇಶಗಳ ಉತ್ತರಗಳನ್ನು ಒಟ್ಟಿಗೆ ಹಾಕಿ ರಿಗ್ರೆಷನ್ (ಒಂದು ನಂಬಿಕೆ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ) ಮಾಡಿದರೆ ಗುಣಾಂಕ ಗಟ್ಟಿಯಾಗಿ ಪ್ಲಸ್ ಬರುತ್ತದೆ. ದೇಶವಾರು ಸರಾಸರಿ ತೆಗೆದು ಗ್ರಾಫ್ ಹಾಕಿದರೆ ಚುಕ್ಕಿಗಳು ಚೆಲ್ಲಾಪಿಲ್ಲಿ. ವ್ಯಕ್ತಿಯ ಅಂಕದ ಜೊತೆಗೆ ದೇಶದ ಸರಾಸರಿಯನ್ನೂ ಮಾಡೆಲ್‌ಗೆ ಸೇರಿಸಿದರೆ ಸರಾಸರಿಯ ಗುಣಾಂಕ ಮೈನಸ್. ಇದನ್ನು ಎರಡನೇ ವಾದಕ್ಕೆ ಪುರಾವೆ ಅಂತ ಬರೆಯಬಹುದಾ? ಮಾಡೆಲ್‌ನಲ್ಲಿ ನೋಡಿಕೊಳ್ಳಬೇಕಾದ್ದು ಬೇರೇನಾದರೂ ಇದ್ದರೆ ತಿಳಿಸಿ.

ಗುಣಾಂಕ

ಹಾಗೆ ನೇರವಾಗಿ ಬರೆಯಬೇಡಿ. ಆ ಮೈನಸ್ ಎಲ್ಲಿಂದ ಬಂತು ಅಂತ ಮೊದಲು ನೋಡೋಣ.

ಉದಾಹರಣೆಗೆ ಎರಡೇ ದೇಶ ಇಟ್ಟುಕೊಳ್ಳಿ (ಅಂಕಿಗಳು ಕಲ್ಪಿತ). ‘ಕ’ ದೇಶದವರು ತಮ್ಮ ಸಂಸತ್ತಿಗೆ ಕೊಟ್ಟ ಸರಾಸರಿ ಅಂಕ 10ಕ್ಕೆ 3, ‘ಖ’ ದೇಶದವರು ಕೊಟ್ಟದ್ದು 6. ಐರೋಪ್ಯ ಸಂಸತ್ತಿಗೆ ಎರಡೂ ಕಡೆ ಸರಾಸರಿ 4.5. ಎರಡೂ ದೇಶಗಳ ಒಳಗೆ ಸ್ಲೋಪ್ 0.5, ಅಂದರೆ ತನ್ನ ಸಂಸತ್ತಿಗೆ 2 ಅಂಕ ಹೆಚ್ಚು ಕೊಟ್ಟವನು ಐರೋಪ್ಯ ಸಂಸತ್ತಿಗೂ 1 ಅಂಕ ಹೆಚ್ಚು ಕೊಡುತ್ತಾನೆ. ಈಗ ಎರಡೂ ದೇಶಗಳಿಂದ, ತನ್ನ ಸಂಸತ್ತಿಗೆ ಸರಿಯಾಗಿ 5 ಕೊಟ್ಟ ಒಬ್ಬೊಬ್ಬನನ್ನು ತೆಗೆದುಕೊಳ್ಳಿ. ‘ಕ’ ದೇಶದವನು ಐರೋಪ್ಯ ಸಂಸತ್ತಿಗೆ 5.5 ಕೊಡುತ್ತಾನೆ, ‘ಖ’ ದೇಶದವನು 4. ಕಚ್ಚಾ ಅಂಕದ ಪಕ್ಕದಲ್ಲಿ ದೇಶದ ಸರಾಸರಿಯನ್ನು ಹಾಕಿದಾಗ ಮಾಡೆಲ್ ಅಳೆಯುವುದು ಈ ವ್ಯತ್ಯಾಸವನ್ನೇ. 3 ಅಂಕದ ಅಂತರಕ್ಕೆ 1.5 ಇಳಿಕೆ, ಗುಣಾಂಕ ಮೈನಸ್ 0.5. ದೇಶ ದೇಶಗಳ ನಡುವಿನ ಸಂಬಂಧ ಮಾತ್ರ ಇಲ್ಲಿ ಸೊನ್ನೆ. ಸೊನ್ನೆಯಲ್ಲಿ 0.5 ಕಳೆದರೆ ಮೈನಸ್ 0.5, ಅಷ್ಟೇ. ನಿಮ್ಮ ಗ್ರಾಫ್ ಚೆಲ್ಲಾಪಿಲ್ಲಿಯಾಗಿದ್ದು ಗುಣಾಂಕ ಮಾತ್ರ ಮೈನಸ್ ಬಂದಿದೆ ಅಂದರೆ ನಿಮ್ಮಲ್ಲೂ ಇದೇ ಆಗಿರುವ ಸಾಧ್ಯತೆ ಹೆಚ್ಚು.

ಹಾಗಂತ ಆ ಸಂಖ್ಯೆಗೆ ಅರ್ಥವೇ ಇಲ್ಲ ಅಂತಲ್ಲ. ತನ್ನ ಸಂಸತ್ತಿಗೆ ಒಂದೇ ಅಂಕ ಕೊಟ್ಟ ಇಬ್ಬರಲ್ಲಿ, ಎಲ್ಲರೂ ಸಂಸತ್ತನ್ನು ನಂಬುವ ದೇಶದವನು ಐರೋಪ್ಯ ಸಂಸತ್ತನ್ನು ಕಡಿಮೆ ನಂಬುತ್ತಾನೆ ಎಂಬುದು ಅದರ ಅರ್ಥ. ಎರಡನೇ ವಾದ ಹೇಳುವುದು ಅದಕ್ಕಿಂತ ದೊಡ್ಡ ಮಾತು. ದೇಶ ದೇಶಗಳ ನಡುವಿನ ಸ್ಲೋಪೇ ಬೇಕಿದ್ದರೆ ವ್ಯಕ್ತಿಯ ಅಂಕದಿಂದ ಆ ದೇಶದ ಸರಾಸರಿಯನ್ನು ಕಳೆದು, ಉಳಿದದ್ದನ್ನು ಒಂದು ಚಲಕವಾಗಿ, ಸರಾಸರಿಯನ್ನು ಇನ್ನೊಂದು ಚಲಕವಾಗಿ ಹಾಕಿ. ಆಗ ಮೊದಲನೆಯದರ ಗುಣಾಂಕ ದೇಶದೊಳಗಿನದು, ಎರಡನೆಯದು ದೇಶಗಳ ನಡುವಿನದು. ಎರಡನ್ನೂ ಪ್ರಬಂಧದಲ್ಲಿ ಬರೆಯಿರಿ, ಯಾವುದು ಯಾವುದೆಂದು ಹೆಸರಿಸಿ ಬರೆಯಿರಿ. ಈ ವಿಷಯದ ಅರ್ಧ ಜಗಳ ಇದನ್ನು ಹೇಳದೇ ಬಿಟ್ಟಿದ್ದರಿಂದ ಹುಟ್ಟಿದ್ದು.

ನೀವು ಹೇಳಿದ ಮೊದಲ ವಾದ 1998ರಲ್ಲಿ ಕ್ರಿಸ್ಟಫರ್ ಆಂಡರ್ಸನ್ ಮಂಡಿಸಿದ್ದು, ಎರಡನೆಯದು 2000ದಲ್ಲಿ ಸಾಂಚೆಜ್ ಕ್ವೆಂಕಾ ಅವರದ್ದು. 2011ರಲ್ಲಿ ಮುನ್ಯೋಸ್ ಮತ್ತು ಸಂಗಡಿಗರು ಎರಡೂ ಮಟ್ಟಗಳನ್ನು ಒಂದೇ ಮಲ್ಟಿಲೆವೆಲ್ ಮಾಡೆಲ್‌ನಲ್ಲಿಟ್ಟು ನೋಡಿದಾಗ ವ್ಯಕ್ತಿ ಮಟ್ಟದಲ್ಲಿ ಪ್ಲಸ್, ದೇಶದ ಮಟ್ಟದಲ್ಲಿ ಮೈನಸ್ ಸಿಕ್ಕಿತು. ಎರಡೂ ಒಟ್ಟಿಗೆ ನಿಜವಾಗಿರಬಹುದು. ಒಂದು ವಾದ ಅಕ್ಕಪಕ್ಕದ ಮನೆಯವರನ್ನು ಹೋಲಿಸುತ್ತದೆ, ಇನ್ನೊಂದು ಡೆನ್ಮಾರ್ಕನ್ನು ರೊಮೇನಿಯಾದೊಂದಿಗೆ ಹೋಲಿಸುತ್ತದೆ.

ಇನ್ನು ಡೇಟಾ. ಈ ಸರ್ವೆಯಲ್ಲಿ ನಂಬಿಕೆಯ ಪ್ರಶ್ನೆಗಳಿಗೆಲ್ಲ 0ಯಿಂದ 10ರ ಅಳತೆ. ಉತ್ತರ ಕೊಡದವರಿಗೆ 77, ಗೊತ್ತಿಲ್ಲ ಎಂದವರಿಗೆ 88, ಉತ್ತರವೇ ದಾಖಲಾಗದಿದ್ದರೆ 99 ಎಂಬ ಕೋಡ್. ಇವನ್ನು ಮಿಸ್ಸಿಂಗ್ ಮಾಡದೆ ಬಿಟ್ಟರೆ ಸರಾಸರಿ ಮೇಲಕ್ಕೆ ಹಾರುತ್ತದೆ. ಅದಕ್ಕಿಂತ ಕೆಟ್ಟದ್ದು, ಎರಡೂ ಪ್ರಶ್ನೆಗೆ ‘ಗೊತ್ತಿಲ್ಲ’ ಎಂದವರು 88, 88 ಆಗಿ ಕೂತು ಸಹಸಂಬಂಧವನ್ನು ಸುಳ್ಳುಸುಳ್ಳೇ ಏರಿಸುತ್ತಾರೆ. ಪ್ಲಸ್ ನೋಡಿ ಸಮಾಧಾನಪಟ್ಟುಕೊಳ್ಳುವ ಮೊದಲು ಇದನ್ನು ಪರೀಕ್ಷಿಸಿ.

ಇನ್ನೊಂದು, ಇದರಲ್ಲಿ ‘ದೇಶದ ಸರ್ಕಾರದ ಮೇಲೆ ನಂಬಿಕೆ’ ಎಂಬ ಪ್ರಶ್ನೆ ಇಲ್ಲ. ಸಂಸತ್ತು, ನ್ಯಾಯ ವ್ಯವಸ್ಥೆ, ಪೊಲೀಸ್, ರಾಜಕಾರಣಿಗಳು, ಪಕ್ಷಗಳು, ಐರೋಪ್ಯ ಸಂಸತ್ತು, ವಿಶ್ವಸಂಸ್ಥೆ ಇವೆ. ಪಕ್ಷಗಳ ಪ್ರಶ್ನೆ ಸೇರಿದ್ದು 2004ರ ಸುತ್ತಿನಿಂದ, 2002ರಲ್ಲಿ ಅದಿಲ್ಲ. ಸರ್ಕಾರದ ಬಗ್ಗೆ ಕೇಳುವುದು ‘ಎಷ್ಟು ತೃಪ್ತಿ ಇದೆ’ ಎಂದು. ಅದು ಬೇರೆ ಸರಕು, ಸರ್ಕಾರ ಬದಲಾದ ಮರುದಿನವೇ ಬದಲಾಗುವಂಥದ್ದು. ಸರ್ಕಾರವೇ ಬೇಕೆಂದರೆ ಒಕ್ಕೂಟವೇ ಮಾಡಿಸುವ ಯೂರೋಬ್ಯಾರೋಮೀಟರ್ ಸಮೀಕ್ಷೆಗೆ ಹೋಗಿ. ಅಲ್ಲಿ ರಾಷ್ಟ್ರ ಸರ್ಕಾರ ಮತ್ತು ಐರೋಪ್ಯ ಒಕ್ಕೂಟ ಎರಡನ್ನೂ ಕೇಳುತ್ತಾರೆ, ಆದರೆ ಉತ್ತರ ಎರಡೇ ಬಗೆ: ನಂಬುವ ಕಡೆಗೆ, ನಂಬದ ಕಡೆಗೆ. ದೇಶಕ್ಕೆ ಸುಮಾರು 1,000 ಮಂದಿ, ಲಕ್ಸೆಂಬರ್ಗ್, ಮಾಲ್ಟಾ, ಸೈಪ್ರಸ್‌ನಲ್ಲಿ ಸುಮಾರು 500. ಉತ್ತರ ಎರಡೇ ಬಗೆಯಾದ್ದರಿಂದ ಅಲ್ಲಿ ಲಾಜಿಸ್ಟಿಕ್ ಮಾಡೆಲ್ ಬೇಕು.

ದೇಶಗಳ ಸಂಖ್ಯೆ 25ರ ಆಸುಪಾಸು ಮಾತ್ರ. ಹಾಗಾಗಿ ದೇಶದ ಮಟ್ಟದ ಚಲಕಗಳನ್ನು ಎರಡು ಮೂರಕ್ಕಿಂತ ಹೆಚ್ಚು ತುರುಕಬೇಡಿ. ಭ್ರಷ್ಟಾಚಾರದ ಸೂಚ್ಯಂಕ, ತಲಾ ಆದಾಯ, ಒಕ್ಕೂಟದಿಂದ ಬರುವ ಹಣ, ಸೇರಿದ ವರ್ಷ ಎಲ್ಲ ಹಾಕಿದರೆ ಅವು ಒಂದನ್ನೊಂದು ನುಂಗಿಹಾಕುತ್ತವೆ, ಒಂದು ದೇಶ ತೆಗೆದರೆ ಚಿಹ್ನೆಯೇ ಬದಲಾಗುತ್ತದೆ. ಒಂದೊಂದೇ ದೇಶವನ್ನು ಹೊರಗಿಟ್ಟು ಮತ್ತೆ ಮತ್ತೆ ಓಡಿಸಿ ನೋಡಿ.

ಹೇಮಾವತಿ ಹಿನ್ನೀರು

ಗುಣಾಂಕ ಅವರು ಹೇಳಿದ ಲೆಕ್ಕಕ್ಕೆ ಸ್ವಲ್ಪ ಮಾಂಸ ತುಂಬುತ್ತೇನೆ. ಬರಿಯ ಗುಣಾಂಕ ಬರೆದರೆ ಸೆಮಿನಾರ್‌ನಲ್ಲಿ ‘ಹೀಗೇಕೆ’ ಎಂದು ಕೇಳೇ ಕೇಳುತ್ತಾರೆ.

ಎರಡನೇ ವಾದಕ್ಕೆ ರೊಮೇನಿಯಾದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2017ರ ಜನವರಿ ಕೊನೆಯ ರಾತ್ರಿ ಅಲ್ಲಿನ ಸರ್ಕಾರ ಒಂದು ತುರ್ತು ಸುಗ್ರೀವಾಜ್ಞೆ ಹೊರಡಿಸಿತು. ಅಧಿಕಾರ ದುರುಪಯೋಗದಿಂದ ಆದ ನಷ್ಟ 2 ಲಕ್ಷ ಲೇಯಿಗಿಂತ (ಅಲ್ಲಿನ ಹಣ) ಕಡಿಮೆ ಇದ್ದರೆ ಅದು ಕ್ರಿಮಿನಲ್ ಅಪರಾಧವೇ ಅಲ್ಲ ಎಂಬುದು ಅದರ ತಿರುಳು. ಲಕ್ಷಾಂತರ ಜನ ಬೀದಿಗಿಳಿದರು, ಸುಗ್ರೀವಾಜ್ಞೆ ವಾಪಸಾಯಿತು. ಪ್ರತಿಭಟನೆ ಮಾತ್ರ ನಿಲ್ಲಲಿಲ್ಲ. ಫೆಬ್ರುವರಿಯಲ್ಲಿ ಬುಕಾರೆಸ್ಟಿನ ವಿಕ್ಟರಿ ಚೌಕದಲ್ಲಿ ಸೇರಿದವರು ಬಣ್ಣದ ಹಾಳೆಗಳಿಗೆ ಮೊಬೈಲ್ ಬೆಳಕು ಹಿಡಿದು ಐರೋಪ್ಯ ಒಕ್ಕೂಟದ ಧ್ವಜವನ್ನೇ ಮೂಡಿಸಿದರು. ತಮ್ಮ ಸರ್ಕಾರದ ಕಟ್ಟಡದ ಎದುರಿಗೆ!

ಮುಂದಿನ ವರ್ಷ, 2018ರ ಜುಲೈಯಲ್ಲಿ, ಭ್ರಷ್ಟಾಚಾರ ನಿಗ್ರಹ ಇಲಾಖೆಯ ಮುಖ್ಯಸ್ಥೆ ಲಾರಾ ಕೊಡ್ರುಟ್ಸಾ ಕೊವೇಶಿಯನ್ನು ಹುದ್ದೆಯಿಂದ ತೆಗೆದರು. ಅದೇ ಕೊವೇಶಿ ಆಮೇಲೆ ಐರೋಪ್ಯ ಸಾರ್ವಜನಿಕ ಅಭಿಯೋಜಕ ಕಚೇರಿಯ ಮೊದಲ ಮುಖ್ಯಸ್ಥೆಯಾದರು. ಆ ಕಚೇರಿ 2021ರ ಜೂನ್‌ನಲ್ಲಿ ಕೆಲಸ ಆರಂಭಿಸಿತು. ಮನೆಯಲ್ಲಿ ಕಿತ್ತುಹಾಕಿದವರನ್ನು ಅಲ್ಲಿ ಕರೆದು ಕುರ್ಚಿ ಕೊಟ್ಟರೆ, ಭ್ರಷ್ಟಾಚಾರದಿಂದ ಬೇಸತ್ತ ರೊಮೇನಿಯನ್ನನಿಗೆ ಹೋಲಿಕೆ ಮಾಡಲು ಪಾಂಡಿತ್ಯ ಬೇಕಿಲ್ಲ. ‘ದೂರದ ಬೆಟ್ಟ ನುಣ್ಣಗೆ’ ಎಂದು ತಳ್ಳಿಹಾಕುವಂತಿಲ್ಲ, ಇಲ್ಲಿ ಬೆಟ್ಟ ಹತ್ತಿರವೇ ಇತ್ತು. 2007ರಲ್ಲಿ ಒಕ್ಕೂಟಕ್ಕೆ ಸೇರಿದಾಗಿನಿಂದ ರೊಮೇನಿಯಾ, ಬಲ್ಗೇರಿಯಾಗಳ ನ್ಯಾಯಾಂಗ ಸುಧಾರಣೆ ಬಗ್ಗೆ ಐರೋಪ್ಯ ಆಯೋಗ ವರದಿ ಕೊಡುತ್ತಲೇ ಇತ್ತು. ಆ ಉಸ್ತುವಾರಿ ಅಧಿಕೃತವಾಗಿ ಮುಗಿದದ್ದು 2023ರಲ್ಲಿ.

ಎದುರು ತುದಿಯಲ್ಲಿ ಡೆನ್ಮಾರ್ಕ್. ಸ್ವಂತ ಸಂಸ್ಥೆಗಳ ಮೇಲೆ ಜಗತ್ತಿನಲ್ಲೇ ಅತಿ ಹೆಚ್ಚು ನಂಬಿಕೆ ಇರುವ ದೇಶಗಳಲ್ಲಿ ಒಂದು. 1992ರ ಜೂನ್ 2ರಂದು ಐರೋಪ್ಯ ಒಕ್ಕೂಟವನ್ನು ಹುಟ್ಟುಹಾಕಿದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ 50.7% ಜನ ಬೇಡ ಎಂದರು. ವಿನಾಯಿತಿಗಳನ್ನು ಬರೆಸಿಕೊಂಡ ಮೇಲೆ 1993ರಲ್ಲಿ ಒಪ್ಪಿದರು. 2000ದಲ್ಲಿ ಯೂರೋ ನಾಣ್ಯಕ್ಕೆ 53.2% ಬೇಡ. ಇದು ಬ್ರಸೆಲ್ಸ್ ಕೆಟ್ಟದ್ದು ಎಂಬ ಸಿಟ್ಟಲ್ಲ, ಇರುವುದೇ ಚೆನ್ನಾಗಿದೆಯಲ್ಲ ಎಂಬ ಲೆಕ್ಕಾಚಾರ. ಲೆಕ್ಕ ಬದಲಾದರೆ ಮತವೂ ಬದಲಾಗುತ್ತದೆ. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬಳಿಕ, 2022ರ ಜೂನ್ 1ರಂದು, ಒಕ್ಕೂಟದ ರಕ್ಷಣಾ ನೀತಿಯಿಂದ ಪಡೆದಿದ್ದ ವಿನಾಯಿತಿ ರದ್ದು ಮಾಡಲು 66.9% ಹೌದು ಎಂದರು. ತಮ್ಮ ಸರ್ಕಾರ ಎಷ್ಟೇ ಒಳ್ಳೆಯದಿದ್ದರೂ ರಷ್ಯಾ ಎದುರು ಒಂಟಿಯಾಗಿ ನಿಲ್ಲುವುದು ಆಗದ ಮಾತು ಎಂಬುದು ಅವರಿಗೆ ಕಂಡಿತ್ತು.

2005ರ ಐರೋಪ್ಯ ಸಂವಿಧಾನದ ಮತದಾನವನ್ನೂ ಸೇರಿಸಿಕೊಳ್ಳಿ. ಅದೇ ಪಠ್ಯಕ್ಕೆ ಫೆಬ್ರುವರಿಯಲ್ಲಿ ಸ್ಪೇನ್ 77% ಹತ್ತಿರ ಹೌದು ಎಂದಿತು, ಜೂನ್ 1ಕ್ಕೆ ನೆದರ್ಲ್ಯಾಂಡ್ಸ್ 61.5% ಬೇಡ ಎಂದಿತು. ಜನಮತಗಣನೆಯ ಮತವನ್ನು ನೇರವಾಗಿ ‘ನಂಬಿಕೆ’ ಎಂದು ಓದಬೇಡಿ ಎಂಬ ಎಚ್ಚರಿಕೆ ಮಾತ್ರ ಇರಲಿ. ಆಳುವ ಸರ್ಕಾರಕ್ಕೆ ಬುದ್ಧಿ ಕಲಿಸಲೆಂದು ಬೇಡ ಎಂದವರೂ ಅದರಲ್ಲಿರುತ್ತಾರೆ. ಅಂಥವರು ಇದ್ದಾರೆ ಎಂಬುದು ಮೊದಲನೇ ವಾದಕ್ಕೇ ಬಲ ಕೊಡುವ ಸಂಗತಿ.

ಗುಣಾಂಕ ಅವರು ಬಿಟ್ಟ ಮೂರನೇ ಸಂಬಂಧ ಒಂದಿದೆ: ಕಾಲ. ಒಂದೇ ದೇಶದಲ್ಲಿ ವರ್ಷದಿಂದ ವರ್ಷಕ್ಕೆ ಎರಡು ನಂಬಿಕೆಗಳು ಹೇಗೆ ಚಲಿಸುತ್ತವೆ ಎಂಬುದು. ಗ್ರೀಸ್, ಸ್ಪೇನ್, ಪೋರ್ಚುಗಲ್‌ನಲ್ಲಿ ಸಾಲದ ಬಿಕ್ಕಟ್ಟಿನ ವರ್ಷಗಳಲ್ಲಿ ಎರಡೂ ಒಟ್ಟಿಗೆ ಕುಸಿದವು. ಎರಡನೇ ವಾದದ ಪ್ರಕಾರ ದೇಶದ ಸರ್ಕಾರ ಕೈಕೊಟ್ಟಾಗ ಒಕ್ಕೂಟದ ಮೇಲಿನ ಭರವಸೆ ಏರಬೇಕಿತ್ತು. ಏಕೆ ಏರಲಿಲ್ಲ ಅಂದರೆ, ಆ ಹೊತ್ತಿಗೆ ಹೊರಗಿನವರು ಎಂದು ಯಾರೂ ಉಳಿದಿರಲಿಲ್ಲ. 2010ರ ಮೇಯಲ್ಲಿ ಗ್ರೀಸ್‌ಗೆ ಮಂಜೂರಾದ 110 ಶತಕೋಟಿ ಯೂರೋ ಸಾಲದ ಷರತ್ತುಗಳ ಉಸ್ತುವಾರಿ ನೋಡಿಕೊಂಡದ್ದು ಐರೋಪ್ಯ ಆಯೋಗ, ಐರೋಪ್ಯ ಕೇಂದ್ರ ಬ್ಯಾಂಕ್ ಮತ್ತು ಐಎಂಎಫ್. ಪಿಂಚಣಿ ಕಡಿತಕ್ಕೆ ಸಹಿ ಅಥೆನ್ಸ್‌ನದು, ಷರತ್ತು ಆ ತ್ರಿವಳಿಯದು. ಪಿಂಚಣಿದಾರ ಇಬ್ಬರನ್ನೂ ಬೈದ.

ಇಲ್ಲಿ ನಿಮ್ಮ ಶೀರ್ಷಿಕೆಯ ಬಾಣವೇ ತಿರುಗುತ್ತದೆ. 2011ರ ಆಗಸ್ಟ್‌ನಲ್ಲಿ ಐರೋಪ್ಯ ಕೇಂದ್ರ ಬ್ಯಾಂಕಿನ ಅಧ್ಯಕ್ಷ ತ್ರಿಶೆ ಮತ್ತು ಆಗ ಇಟಲಿಯ ಕೇಂದ್ರ ಬ್ಯಾಂಕಿನ ಗವರ್ನರ್ ಆಗಿದ್ದ ದ್ರಾಗಿ ಇಟಲಿ ಸರ್ಕಾರಕ್ಕೆ ಏನೇನು ಸುಧಾರಣೆ ಮಾಡಬೇಕೆಂದು ಪತ್ರ ಬರೆದರು. ಅದೇ ನವೆಂಬರ್‌ನಲ್ಲಿ ಬೆರ್ಲುಸ್ಕೋನಿ ಹೋಗಿ, ಹಿಂದೆ ಐರೋಪ್ಯ ಆಯುಕ್ತರಾಗಿದ್ದ ಮಾರಿಯೊ ಮೊಂಟಿ ಪ್ರಧಾನಿಯಾದರು. ಸ್ಪೇನ್ ಅದೇ ವರ್ಷ ಸರ್ಕಾರದ ಸಾಲ, ಕೊರತೆಗೆ ಮಿತಿ ಹಾಕಲು ಸಂವಿಧಾನದ 135ನೇ ವಿಧಿಯನ್ನೇ ತಿದ್ದಿತು. ‘ನಮ್ಮ ಸರ್ಕಾರದ ಕೈಯಲ್ಲಿ ಏನೂ ಇಲ್ಲ’ ಎಂದು ಮತದಾರನಿಗೆ ಅನ್ನಿಸಿದರೆ, ಸರ್ಕಾರದ ಮೇಲಿನ ನಂಬಿಕೆ ಕುಸಿಯಲು ಕಾರಣವೇ ಒಕ್ಕೂಟ. ಒಂದೇ ದಿನ ಒಂದೇ ಪ್ರಶ್ನಾವಳಿಯಲ್ಲಿ ಕೇಳಿದ ಎರಡು ಉತ್ತರಗಳಿಂದ ಯಾವುದು ಮೊದಲು ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಅದೇ ಜನರನ್ನು ಮತ್ತೆ ಮತ್ತೆ ಕೇಳಿದ ಪ್ಯಾನೆಲ್ ಡೇಟಾ ಬೇಕು.

ಗ್ರೀಸ್ ಬಗ್ಗೆ ಬರೆಯುವುದಾದರೆ ಇನ್ನೊಂದು ಸಂಗತಿ. ಯುರೋಪಿಯನ್ ಸೋಷಿಯಲ್ ಸರ್ವೆಯ 6ರಿಂದ 9ನೇ ಸುತ್ತುಗಳಲ್ಲಿ ಗ್ರೀಸ್ ಇಲ್ಲ. 2015ರ ಜುಲೈ 5ರ ಜನಮತಗಣನೆಯಲ್ಲಿ 61.3% ಜನ ಸಾಲದಾತರ ಷರತ್ತಿಗೆ ಬೇಡ ಎಂದ ಕಾಲಘಟ್ಟವೇ ಆ ಫೈಲ್‌ನಲ್ಲಿ ಖಾಲಿ. ಯೂರೋಬ್ಯಾರೋಮೀಟರ್ ಒಂದೇ ದಾರಿ.

ಸಂತೆಪೇಟೆ

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೆ ವ್ಯಕ್ತಿ ಮಟ್ಟದ ಆ ಪ್ಲಸ್ಸನ್ನು ಯಾರೂ ಅನುಮಾನಿಸಲಿಲ್ಲ. ನನಗೆ ಅದರ ಮೇಲೇ ಗುಮಾನಿ.

ಪ್ರಶ್ನಾವಳಿಯಲ್ಲಿ ಈ ಪ್ರಶ್ನೆಗಳು ಒಂದರ ಕೆಳಗೊಂದು ಬರುತ್ತವೆ, ಉತ್ತರ ಆರಿಸಲು ತೋರಿಸುವ ಅದೇ ಕಾರ್ಡ್, ಅದೇ 0ಯಿಂದ 10. ಪೊಲೀಸರಿಗೆ 6, ಸಂಸತ್ತಿಗೆ 5 ಎಂದವನು ಅದೇ ಓಟದಲ್ಲಿ ಐರೋಪ್ಯ ಸಂಸತ್ತಿಗೂ 5 ಎನ್ನುತ್ತಾನೆ. ಪ್ರಶ್ನೆಯನ್ನು ಯೋಚಿಸಿಯೇ ಉತ್ತರಿಸಿದ ಎಂಬ ಖಾತ್ರಿ ಏನು? ಅದರ ಮೇಲೆ, ಸ್ವಭಾವತಃ ಎಲ್ಲರನ್ನೂ ನಂಬುವವರು ಇರುತ್ತಾರೆ, ಯಾರನ್ನೂ ನಂಬದವರೂ ಇರುತ್ತಾರೆ. ಆ ಸ್ವಭಾವ ಎರಡೂ ಉತ್ತರಗಳನ್ನು ಒಟ್ಟಿಗೆ ಎಳೆದರೆ, ಸರ್ಕಾರದ ನಂಬಿಕೆ ಒಕ್ಕೂಟದ ನಂಬಿಕೆಯನ್ನು ‘ರೂಪಿಸುತ್ತದೆ’ ಎಂದು ಹೇಳಲು ಆಧಾರವೇ ಉಳಿಯುವುದಿಲ್ಲ.

ಮಾಡಬಹುದಾದ ಪರೀಕ್ಷೆಗಳಿವೆ. ಏಳಕ್ಕೆ ಏಳೂ ಪ್ರಶ್ನೆಗೆ ಒಂದೇ ಅಂಕ ಕೊಟ್ಟವರನ್ನು ತೆಗೆದು ಮತ್ತೆ ಓಡಿಸಿ. ಜನರನ್ನು ನಂಬಬಹುದೇ, ಅವರು ನ್ಯಾಯವಾಗಿ ನಡೆದುಕೊಳ್ಳುತ್ತಾರೆಯೇ, ಸಹಾಯ ಮಾಡುತ್ತಾರೆಯೇ ಎಂಬ ಮೂರು ಪ್ರಶ್ನೆ ಅದೇ ಸರ್ವೆಯಲ್ಲಿವೆ, ಮೂರನ್ನೂ ಕಂಟ್ರೋಲ್ ಆಗಿ ಹಾಕಿ. ಆಮೇಲೆ ನಾರ್ವೆ, ಸ್ವಿಟ್ಜರ್ಲೆಂಡ್. ಒಕ್ಕೂಟದ ಸದಸ್ಯರಲ್ಲದಿದ್ದರೂ ಅಲ್ಲಿಯವರಿಗೂ ಐರೋಪ್ಯ ಸಂಸತ್ತಿನ ಪ್ರಶ್ನೆ ಕೇಳುತ್ತಾರೆ. ಮುಖ್ಯ ಮಾಡೆಲ್‌ನಿಂದ ಈ ದೇಶಗಳನ್ನು ತೆಗೆಯಲೇಬೇಕು, ಮರೆತರೆ ದೇಶಗಳ ನಡುವಿನ ಸ್ಲೋಪ್ ವಾಲುತ್ತದೆ. ತೆಗೆದಿಟ್ಟದ್ದನ್ನು ಎಸೆಯಬೇಡಿ, ಅದರಲ್ಲಿ ಬೇರೆಯಾಗಿ ಅದೇ ಸ್ಲೋಪ್ ಲೆಕ್ಕ ಹಾಕಿ. ತಾವು ಓಟು ಹಾಕದ, ತಮ್ಮ ಪ್ರತಿನಿಧಿಯೇ ಇಲ್ಲದ ಸಂಸತ್ತಿನ ವಿಷಯದಲ್ಲೂ ಅಷ್ಟೇ ಸ್ಲೋಪ್ ಬಂದರೆ, ಆ ಪ್ಲಸ್‌ನ ಬಹುಪಾಲು ಸ್ವಭಾವ ಮತ್ತು ಕಾರ್ಡಿನ ಫಲ ಎಂದುಕೊಳ್ಳಿ.

ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತ ಇಷ್ಟ: ಆಳುವವರು ಯಾರು ಎಂದು ನೋಡುವುದು. ಪೋಲೆಂಡ್‌ನಲ್ಲಿ 2015ರ ತನಕ ಒಕ್ಕೂಟದ ಪರವಾಗಿದ್ದ ಸಿವಿಕ್ ಪ್ಲಾಟ್‌ಫಾರ್ಮ್ ನೇತೃತ್ವದ ಸರ್ಕಾರ. 2015ರಿಂದ 2023ರವರೆಗೆ ನ್ಯಾಯಾಂಗದ ವಿಷಯದಲ್ಲಿ ಬ್ರಸೆಲ್ಸ್ ಜೊತೆ ಕಾದಾಡಿದ ಲಾ ಆ್ಯಂಡ್ ಜಸ್ಟಿಸ್ ಪಕ್ಷ. 2023ರ ಡಿಸೆಂಬರ್‌ನಲ್ಲಿ ಐರೋಪ್ಯ ಮಂಡಳಿಯ ಮಾಜಿ ಅಧ್ಯಕ್ಷ ಡೊನಾಲ್ಡ್ ಟಸ್ಕ್ ಮತ್ತೆ ಪ್ರಧಾನಿ. ನಂಬಿಕೆ ಸುಮ್ಮನೆ ಮನೆಯಿಂದ ಹೊರಕ್ಕೆ ಹರಿಯುತ್ತದೆ ಎನ್ನುವುದಾದರೆ ಮೂರೂ ಅವಧಿಯಲ್ಲಿ ಸ್ಲೋಪ್ ಒಂದೇ ಇರಬೇಕು. ಜನ ತಮ್ಮ ಪಕ್ಷ ಒಕ್ಕೂಟದ ಬಗ್ಗೆ ಏನು ಹೇಳುತ್ತದೋ ಅದನ್ನು ಕೇಳುತ್ತಾರೆ ಎನ್ನುವುದಾದರೆ ನಡುವಿನ ಅವಧಿಯಲ್ಲಿ ಸ್ಲೋಪ್ ಚಪ್ಪಟೆಯಾಗಬೇಕು ಅಥವಾ ತಲೆಕೆಳಗಾಗಬೇಕು. ಹಂಗೇರಿಯದ್ದೂ ಅದೇ ಕಥೆ. 2017ರಲ್ಲಿ ‘ಬ್ರಸೆಲ್ಸನ್ನು ತಡೆಯೋಣ’ ಎಂಬ ಪ್ರಶ್ನಾವಳಿಯನ್ನು ಸರ್ಕಾರವೇ ಮನೆಮನೆಗೆ ಅಂಚೆಯಲ್ಲಿ ಕಳಿಸಿತು. ಅಂಥ ಸರ್ಕಾರವನ್ನು ನಂಬುವವನು ಒಕ್ಕೂಟವನ್ನೂ ನಂಬಲಿ ಅಂದರೆ ಹೇಗೆ? 25 ದೇಶಗಳ ಸ್ಲೋಪನ್ನು ಕಲಸಿ ಒಂದೇ ಸಂಖ್ಯೆ ಕೊಟ್ಟರೆ ಇದೆಲ್ಲ ಮುಚ್ಚಿಹೋಗುತ್ತದೆ. ಸ್ಲೋಪ್ ದೇಶದಿಂದ ದೇಶಕ್ಕೆ ಬದಲಾಗಲು ಬಿಡಿ, ರ್‍ಯಾಂಡಮ್ ಸ್ಲೋಪ್ ಹಾಕಿ.

ಪೋಲೆಂಡ್ ಮಾಡುವಾಗ 10ನೇ ಸುತ್ತಿನಲ್ಲಿ ಹುಷಾರು. ಕೋವಿಡ್‌ನಿಂದಾಗಿ ಪೋಲೆಂಡ್, ಜರ್ಮನಿ, ಸ್ಪೇನ್, ಸ್ವೀಡನ್ ಮುಂತಾದ ಕೆಲವು ದೇಶಗಳಲ್ಲಿ ಮನೆಗೆ ಹೋಗಿ ಕೇಳುವ ಬದಲು ಉತ್ತರದಾರರೇ ತುಂಬುವ ಫಾರಂ ಬಳಸಿದರು, ಫೈಲ್ ಕೂಡ ಬೇರೆ. ಎದುರಿಗೆ ಮನುಷ್ಯ ಕೂತಿದ್ದಾಗ ಕೊಡುವ ಅಂಕಕ್ಕೂ ಒಬ್ಬನೇ ಕೂತು ತುಂಬುವ ಅಂಕಕ್ಕೂ ವ್ಯತ್ಯಾಸ ಇರುತ್ತದೆ. ಆ ಏರಿಳಿತವನ್ನು ರಾಜಕೀಯ ಎಂದು ಓದಿಬಿಡಬೇಡಿ.

ಗುಣಾಂಕ

ಸಂತೆಪೇಟೆ ಅವರ ನಾರ್ವೆ ಪರೀಕ್ಷೆ ಒಳ್ಳೆಯದೇ, ಆದರೆ ಪೂರ್ತಿ ಒಪ್ಪುವುದಿಲ್ಲ. ಮೊದಲ ವಾದ ಹೇಳುವುದೇ ಗೊತ್ತಿಲ್ಲದ ಸಂಸ್ಥೆಯನ್ನು ಗೊತ್ತಿರುವುದರಿಂದ ಅಳೆಯುತ್ತಾರೆ ಎಂದು. ನಾರ್ವೆಯವರಿಗೆ ಐರೋಪ್ಯ ಸಂಸತ್ತು ಇನ್ನೂ ಅಪರಿಚಿತ, ಹಾಗಾಗಿ ಆ ವಾದದ ಪ್ರಕಾರವೂ ಅಲ್ಲಿ ಸ್ಲೋಪ್ ಇರಲೇಬೇಕು. ಸ್ವಭಾವವನ್ನೂ ಊಹೆಯನ್ನೂ ಬೇರೆ ಮಾಡಲು ರಾಜಕೀಯ ಆಸಕ್ತಿಯ ಪ್ರಶ್ನೆ ಬಳಸಿ. ಆಸಕ್ತಿ ಹೆಚ್ಚಿದ್ದವರಲ್ಲಿ ಸ್ಲೋಪ್ ಸಣ್ಣದಾದರೆ ಅದು ಊಹೆ. ಆಸಕ್ತಿ ಎಷ್ಟಿದ್ದರೂ ಸ್ಲೋಪ್ ಒಂದೇ ಇದ್ದರೆ ನಿಮ್ಮ ಗುಮಾನಿಗೆ ತೂಕ ಬರುತ್ತದೆ.

ಪಡಸಾಲೆ

ಎಲ್ಲರಿಗೂ ಧನ್ಯವಾದ. ಸರಾಸರಿಯನ್ನು ಕಳೆದು ಓಡಿಸಿದೆ, ದೇಶಗಳ ನಡುವಿನ ಗುಣಾಂಕ ಸೊನ್ನೆಯ ಹತ್ತಿರಕ್ಕೇ ಬಂತು. ಪೋಲೆಂಡ್ ಭಾಗವನ್ನು ಬೇರೆ ಅಧ್ಯಾಯ ಮಾಡುತ್ತೇನೆ. ಕೊನೆಯದಾಗಿ ಒಂದು: ಇದನ್ನೇ ಭಾರತಕ್ಕೆ ತಂದು, ಕೇಂದ್ರ ಸರ್ಕಾರದ ಮೇಲಿನ ನಂಬಿಕೆ ಮತ್ತು ವಿಶ್ವಸಂಸ್ಥೆಯ ಮೇಲಿನ ನಂಬಿಕೆ ಅಂತ ವರ್ಲ್ಡ್ ವ್ಯಾಲ್ಯೂಸ್ ಸರ್ವೆಯಲ್ಲಿ ನೋಡಬಹುದಾ?

ಹೇಮಾವತಿ ಹಿನ್ನೀರು

ನೋಡಬಹುದು, ಎರಡೂ ಪ್ರಶ್ನೆ ಅದರಲ್ಲಿವೆ. ಅಳತೆ ನಾಲ್ಕೇ ಮೆಟ್ಟಿಲು, ಅದೂ ತಿರುವುಮುರುವು: 1 ಅಂದರೆ ತುಂಬ ನಂಬಿಕೆ, 4 ಅಂದರೆ ಒಂಚೂರೂ ಇಲ್ಲ. ತಿರುಗಿಸಿಕೊಳ್ಳಿ. ಉತ್ತರ ಇಲ್ಲದವಕ್ಕೆ ಮೈನಸ್ ಸಂಖ್ಯೆಗಳ ಕೋಡ್ ಇರುತ್ತದೆ.

ಅದಕ್ಕೂ ಮೊದಲು ವಿಶ್ವಸಂಸ್ಥೆಯ ಪ್ರಶ್ನೆಗೆ ಭಾರತದಲ್ಲಿ ‘ಗೊತ್ತಿಲ್ಲ’ ಎಂದವರು ಎಷ್ಟು, ಯಾರು ಎಂದು ಒಂದು ಕೋಷ್ಟಕ ಹಾಕಿ: ಓದು, ಗಂಡು ಹೆಣ್ಣು, ಹಳ್ಳಿ ಪಟ್ಟಣ. ಅವರನ್ನು ಕೈಬಿಟ್ಟು ಉಳಿದವರ ಮೇಲೆ ಸ್ಲೋಪ್ ಹಾಕಿದರೆ ನಿಮಗೆ ಸಿಗುವುದು ಓದಿದವರ ಭಾರತ. ಗೊತ್ತಿಲ್ಲದವರು ಊಹಿಸುತ್ತಾರೆ ಎಂಬುದೇ ನಿಮ್ಮ ಮೊದಲ ವಾದವಾಗಿರುವಾಗ, ಗೊತ್ತಿಲ್ಲದವರನ್ನೇ ಹೊರಗಿಟ್ಟು ಅದನ್ನು ಪರೀಕ್ಷಿಸಲು ಬರುವುದಿಲ್ಲ. ಇನ್ನೊಂದು ತೊಡಕು, ವಿಶ್ವಸಂಸ್ಥೆ ಭಾರತದವರ ಪಿಂಚಣಿಯನ್ನೂ ಕಡಿಯುವುದಿಲ್ಲ, ಇಲ್ಲಿನ ಮಂತ್ರಿಯ ಮೇಲೆ ಕೇಸನ್ನೂ ಹಾಕುವುದಿಲ್ಲ. ಗ್ರೀಸ್‌ನಲ್ಲೂ ರೊಮೇನಿಯಾದಲ್ಲೂ ಹೋಲಿಸಲು ಏನೋ ಕಣ್ಣೆದುರಿಗಿತ್ತು. ಹಾಗಾಗಿ ಭಾರತದ ಡೇಟಾದಲ್ಲಿ ಎರಡನೇ ವಾದ ಸಿಗದಿದ್ದರೆ ಅದು ಸುಳ್ಳಾಯಿತು ಎಂದು ಬರೆಯಬೇಡಿ.